ಸಾಲಿನ ಮೊದಲ ಮುಚ್ಚಳ

ಪ್ರಜಾಪ್ರಭುತ್ವವನ್ನು ಕಂಡುಹಿಡಿದವನು ನಾನೇ. ಗ್ರೀಸ್ ದೇಶದವರು ಕಂಡುಹಿಡಿದರು ಎಂದು ಮೇಷ್ಟ್ರುಗಳು ಮಕ್ಕಳಿಗೆ ಹೇಳಿಕೊಡುತ್ತಾರೆ. ಪಾಪ, ಅವರ ತಪ್ಪಲ್ಲ. ಸೂಲಿಬೆಲೆ ಕಡೆ ಬಂದು ವಿಚಾರಿಸಲು ಅವರಿಗೆ ಪುರುಸೊತ್ತು ಸಿಕ್ಕಿಲ್ಲ. ಹೋದ ವರ್ಷ ಕಾರ್ತಿಕದ ಒಂದು ಮಂಗಳವಾರ ಬೆಳಿಗ್ಗೆ ಆರೂ ಹತ್ತಕ್ಕೆ ಶುರು ಮಾಡಿ ಆರೂವರೆಗೆಲ್ಲ ಮುಗಿಸಿದೆ. ಎಡಗೈಯಲ್ಲಿ ಹಾಲಿನ ಡಿಗ್ರಿ ನೋಡುವ ಲ್ಯಾಕ್ಟೋಮೀಟರ್ ಇತ್ತು. ಆ ಕೈಯೂ ಬಿಡುವಾಗಿದ್ದಿದ್ದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

ನಾನು ಸಿದ್ದರಾಜು. ನಮ್ಮೂರ ಹಾಲಿನ ಡೇರಿಯ ಸೆಕ್ರೆಟ್ರಿ. ಹಾಲನ್ನು ಒಮ್ಮೆ ಮೂಸಿ ನೋಡಿದರೆ ಸಾಕು, ಹಸುವಿನ ಹೆಸರು, ಅದರ ತಾಯಿಯ ಹೆಸರು, ಹಿಂದಿನ ದಿನ ಅದು ಯಾರ ರಾಗಿ ಹೊಲಕ್ಕೆ ನುಗ್ಗಿತ್ತು ಎಂಬುದನ್ನೂ ಹೇಳಬಲ್ಲೆ. ನಮ್ಮ ಡೇರಿಯೂ ಸಾಮಾನ್ಯದ್ದಲ್ಲ. ಒಂದು ಸಲ ನಮ್ಮಲ್ಲಿ ಕ್ಯಾನು ಉರುಳಿ ಹಾಲು ಚೆಲ್ಲಿದ್ದಕ್ಕೆ ಹೊಸಕೋಟೆ ಕೆರೆ ಮೂರು ದಿನ ಬೆಳ್ಳಗಿತ್ತು. ಚುನಾವಣೆಯ ವಿಷಯದಲ್ಲಂತೂ ನಮ್ಮನ್ನು ಮೀರಿಸುವವರಿಲ್ಲ. ಡೇರಿಗೆ ನಿರ್ದೇಶಕರನ್ನು ಆರಿಸುವ ದಿನ ಊರಿನ ಒಂದೊಂದು ಗೋಡೆಯ ಮೇಲೂ ಪೋಸ್ಟರು, ಒಂದೊಂದು ಮನೆಯಲ್ಲೂ ಬಾಡೂಟ. ಮತ ಹಾಕುವ ಸಾಲು ಎಷ್ಟು ಉದ್ದವಿತ್ತೆಂದರೆ ಅದರ ಬಾಲ ಪಕ್ಕದ ತಾಲ್ಲೂಕಿನಲ್ಲಿತ್ತು. ಬಾಲದಲ್ಲಿದ್ದವರು ದೇವನಹಳ್ಳಿಯಲ್ಲೇ ಕಾಫಿ ಕುಡಿದು ಬಂದು ಮತ ಹಾಕಿದರು.

ಆದರೆ ನಾನು ಹೇಳಹೊರಟದ್ದು ಆ ಸಾಲಿನ ವಿಷಯವಲ್ಲ. ಮುಚ್ಚಳದ ಸಾಲಿನದು.

ನಮ್ಮ ಡೇರಿಯ ಮುಂದೆ ಒಂದು ಉದ್ದನೆಯ ಜಗಲಿ ಇದೆ. ಬೆಳಗಿನ ಜಾವ ಹಸುವಿನ ಹತ್ತಿರ ಹೋಗುವ ಮುಂಚೆ ಜನ ಬಂದು ತಮ್ಮ ಹಾಲಿನ ಕ್ಯಾನಿನ ಮುಚ್ಚಳವನ್ನು ಅದರ ಮೇಲೆ ಒಂದರ ಪಕ್ಕ ಒಂದು ಇಟ್ಟು ಹೋಗುತ್ತಾರೆ. ಆಮೇಲೆ ಹಾಲು ಕರೆದು, ತೆರೆದ ಕ್ಯಾನಿಗೆ ಒಂದು ತಟ್ಟೆಯನ್ನೋ ಬಾಳೆಲೆಯನ್ನೋ ಮುಚ್ಚಿಕೊಂಡು ಬರುತ್ತಾರೆ. ಮುಚ್ಚಳ ಎಲ್ಲಿದೆಯೋ ಅದೇ ಅವರ ಜಾಗ. ನೆಗ್ಗಿಹೋದದ್ದು, ಹಿಡಿ ಮುರಿದದ್ದು, ಮಗಳ ಹೆಸರು ಕೊರೆಸಿದ್ದು, ಒಂದೊಂದು ಮುಚ್ಚಳವೂ ಊರಿಗೆಲ್ಲ ಪರಿಚಯ. ಮನುಷ್ಯರ ಮುಖ ಮರೆತವರೂ ಮುಚ್ಚಳ ಮರೆಯುವುದಿಲ್ಲ.

ಸಾಲಿನಲ್ಲಿ ಮೊದಲು ಇರುತ್ತಿದ್ದದ್ದು ಅಪ್ಪಯ್ಯಣ್ಣನವರ ಮುಚ್ಚಳ. ದೊಡ್ಡ ಜಮೀನುದಾರರು, ಡೇರಿ ಕಟ್ಟಲು ಜಾಗ ಕೊಟ್ಟ ಮನೆತನ. ಅವರ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಅ’ ಎಂದು ಬರೆದಿತ್ತು. ಯಾರು ಎಷ್ಟೇ ಬೇಗ ಎದ್ದು ಬರಲಿ, ನಾಲ್ಕು ಗಂಟೆಗೇ ಬರಲಿ, ಆ ಕೆಂಪು ಮುಚ್ಚಳ ಆಗಲೇ ಅಲ್ಲಿ ಕೂತಿರುತ್ತಿತ್ತು. ಮೊದಲ ಮುಚ್ಚಳದವರ ಹಾಲು ಅಳೆಯದೆ ಎರಡನೆಯವರದ್ದು ಅಳೆಯುವಂತಿಲ್ಲ. ಅಪ್ಪಯ್ಯಣ್ಣನವರು ಬರುತ್ತಿದ್ದದ್ದು ಆರೂವರೆಗೆ, ಒಮ್ಮೊಮ್ಮೆ ಆರೂ ಮುಕ್ಕಾಲಿಗೆ. ಅಲ್ಲಿಯವರೆಗೆ ಮೂವತ್ತು ಜನ ಕ್ಯಾನು ಹಿಡಿದುಕೊಂಡು, ಆಕಳಿಸುತ್ತ, ಸೊಳ್ಳೆ ಹೊಡೆಯುತ್ತ ನಿಂತಿರುತ್ತಿದ್ದರು. ಎಂಟು ವರ್ಷದಿಂದ ಹೀಗೇ. ಯಾರೂ ಏನೂ ಅಂದಿರಲಿಲ್ಲ.

ಎರಡನೆಯ ಮುಚ್ಚಳ ಸಾಮಾನ್ಯವಾಗಿ ನರಸಮ್ಮನದು. ಊರ ಕೊನೆಯ ಮನೆ, ಒಂದು ಹಸು, ಕಾಲೇಜಿಗೆ ಹೋಗುವ ಒಬ್ಬಳು ಮಗಳು, ಗಂಡ ತೀರಿಕೊಂಡಿದ್ದಾನೆ. ನಾಲ್ಕು ವರ್ಷದಿಂದ ಹೊಸಕೋಟೆ ಹತ್ತಿರದ ಒಂದು ಗೋಡೌನಿನಲ್ಲಿ ಪ್ಯಾಕಿಂಗ್ ಕೆಲಸ. ಕರೆದುಕೊಂಡು ಹೋಗುವ ವ್ಯಾನು ಊರ ಮುಂದಿನ ಬಸ್ ಸ್ಟಾಪಿಗೆ ಆರೂ ನಲವತ್ತಕ್ಕೆ ಬರುತ್ತದೆ, ಎರಡು ಸಲ ಹಾರನ್ ಹೊಡೆಯುತ್ತದೆ, ಹೋಗುತ್ತದೆ.

ಆ ಮಂಗಳವಾರ ಆರು ಗಂಟೆಗೆ ನಮ್ಮ ಮನೆಯ ಬಾಗಿಲು ಬಡಿದ ಸದ್ದಾಯಿತು. ನಾನು ಆಗಲೇ ಎದ್ದು ದೇಶದ ಭವಿಷ್ಯದ ಬಗ್ಗೆ ಯೋಚನೆ ಮಾಡುತ್ತಿದ್ದೆ.

“ಸಿದ್ದರಾಜಣ್ಣಾ, ಎದ್ದೇಳಿ. ಆರಾಯ್ತು,” ನರಸಮ್ಮ ಕಿಟಕಿಯಿಂದ ಕೂಗಿದಳು.

“ನಾನು ಎದ್ದು ಎಷ್ಟೊತ್ತಾಯ್ತಮ್ಮ!”

“ಎದ್ದಿದ್ರೆ ರಗ್ಗು ಯಾಕಣ್ಣ ಇನ್ನೂ ತಲೆ ಮೇಲೈತೆ?”

ಚಳಿಗೆ ದೊಡ್ಡ ದೊಡ್ಡ ಚಿಂತಕರೂ ರಗ್ಗು ಹೊದೆಯುತ್ತಾರೆ. ಇದನ್ನು ಅವಳಿಗೆ ವಿವರಿಸಲು ಹೊತ್ತಿರಲಿಲ್ಲ. ಬೀಗದ ಕೈ ತೆಗೆದುಕೊಂಡು ಹೊರಟೆ. ದಾರಿಯಲ್ಲಿ ಅವಳು ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿದ್ದಳು.

“ಈ ತಿಂಗ್ಳಲ್ಲಿ ಎರಡ್ಸಲ ವ್ಯಾನ್ ತಪ್ಪೋಯ್ತಣ್ಣ. ಮೂರ್ನೇ ಸಲ ತಪ್ಪಿದ್ರೆ ಕೆಲ್ಸಕ್ಕೆ ಬರೋದೇ ಬೇಡ ಅಂತ ಸೂಪರ್‌ವೈಸರ್ ಹೇಳವ್ನೆ. ಇವತ್ತು ಅಪ್ಪಯ್ಯಣ್ಣಾರು ಬರೋದನ್ನ ಕಾಯಕ್ಕಾಗಲ್ಲ. ನನ್ನ ಹಾಲು ಹಾಕಿಸ್ಕೊಂಡ್ಬಿಡಿ.”

“ನೋಡೋಣಮ್ಮ.”

“ನೋಡೋಣ ಅಲ್ಲ. ಹಾಕಿಸ್ಕೊತೀನಿ ಅನ್ನಿ.”

“ಸಾಲು ಅನ್ನೋದು ಒಂದೈತಲ್ವಾ? ಮೊದಲ ಮುಚ್ಚಳ ಬಿಟ್ಟು ಎರಡ್ನೇದು ಹೆಂಗಮ್ಮ ಮುಟ್ಲಿ?”

ಡೇರಿಯ ಮುಂದೆ ಆಗಲೇ ಜನ ಸೇರಿದ್ದರು. ಬೈರಣ್ಣ ಮುಂದುಗಡೆಯೇ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನು ನಮ್ಮೂರ ಹಿರಿಯ, ಬಾಯಿ ಮಾತ್ರ ಹದಿನೆಂಟರದು. ನನ್ನನ್ನು ಕಂಡವನೇ ಆಕಾಶ ನೋಡಿದ.

“ಏನ್ಲಾ ಸಿದ್ದ, ಆರೂ ಹತ್ತಕ್ಕೇ ಬಂದ್ಬಿಟ್ಟಿದ್ದೀಯಾ! ಸೂರ್ಯ ಎಲ್ಲಿಂದ ಹುಟ್ದ ಅಂತ ನೋಡ್ರಪ್ಪಾ ಒಂಚೂರು.”

ಬಾಗಿಲು ತೆರೆದೆ, ತೂಕದ ಮಿಷನ್ ಮುಂದೆ ಕೂತೆ, ಲ್ಯಾಕ್ಟೋಮೀಟರ್ ಕೈಗೆ ತೆಗೆದುಕೊಂಡೆ. ಮಿಷನ್ ಹಾಕಲಿಲ್ಲ. ನರಸಮ್ಮ ಕ್ಯಾನನ್ನು ಎತ್ತಿ ಮೇಜಿನ ಮೇಲಿಟ್ಟಳು. ನಾನು ಅದನ್ನು ಮರ್ಯಾದೆಯಾಗಿ ಪಕ್ಕಕ್ಕೆ ಸರಿಸಿದೆ. ಅವಳು ಮತ್ತೆ ಎಳೆದು ನಡುವೆ ಇಟ್ಟಳು.

ಆಗ ನಾನು ಒಂದು ಭಾಷಣ ಮಾಡಿದೆ. ಅಂಥ ಭಾಷಣವನ್ನು ಕೆಂಪುಕೋಟೆಯೂ ಕೇಳಿಲ್ಲ. ಸಮಾನತೆ, ಸ್ವಾತಂತ್ರ್ಯ, ಮನುಷ್ಯನ ಘನತೆ ಯಾವುದನ್ನೂ ಬಿಡಲಿಲ್ಲ. ಕೇಳಿದವರ ಕಣ್ಣೀರು ಬಿದ್ದು ಆ ದಿನ ಎಲ್ಲರ ಹಾಲಿನ ಡಿಗ್ರಿ ಇಳಿದುಹೋಯಿತು. ಭಾಷಣದ ಬಹುಪಾಲು ಮನಸ್ಸಿನೊಳಗೇ ಆಯಿತು. ಬಾಯಿಂದ ಹೊರಗೆ ಬಂದದ್ದು ಇಷ್ಟು:

“ನೋಡಮ್ಮ, ಡೇರಿ ಎಲೆಕ್ಷನ್‌ನಲ್ಲಿ ವೋಟ್ ಹಾಕಿದ್ದೀಯ ತಾನೆ? ಹದಿಮೂರು ಜನ ನಿರ್ದೇಶಕರನ್ನ ಕೂರ್ಸಿದ್ದೀಯ ತಾನೆ? ಏನಿದ್ರೂ ಒಂದು ಅರ್ಜಿ ಬರ್ಕೊಡು. ಮುಂದಿನ ತಿಂಗ್ಳು ಮೀಟಿಂಗ್‌ನಲ್ಲಿ ಇಡ್ತೀನಿ.”

“ವೋಟು ಐದ್ವರ್ಷಕ್ಕೊಂದ್ಸಲ ಅಣ್ಣ. ಹಾಲು ದಿನಕ್ಕೆರಡ್ಸಲ,” ಅಂದಳು ನರಸಮ್ಮ.

ಹಿಂದೆ ಯಾರೋ ಕಿಸಕ್ಕೆಂದರು. ಅವಳು ನನ್ನ ಕಡೆ ಬೆನ್ನು ಮಾಡಿ ಜನರ ಕಡೆ ತಿರುಗಿದಳು. ದನಿ ಜೋರಾಗಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು.

“ನೀವೇ ಹೇಳಿ. ನಾವೆಲ್ಲ ಯಾಕೆ ಕಾಯ್ತಾ ಇದ್ದೀವಿ?”

ಪ್ರಶ್ನೆ ಎಷ್ಟು ಸುಲಭದ್ದಾಗಿತ್ತೆಂದರೆ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಬೈರಣ್ಣ ಗಂಟಲು ಸರಿಮಾಡಿಕೊಂಡ.

“ಅದು ನಡ್ಕೊಂಡು ಬಂದಿರೋದು ಕಣಮ್ಮ. ನಮ್ಮಪ್ಪನ ಕಾಲದಿಂದ್ಲೂ ಹಿಂಗೇಯ.”

“ನಿಮ್ಮಪ್ಪನ ಕಾಲದಾಗೆ ಡೇರಿನೇ ಇರ್ಲಿಲ್ವಲ್ಲ ಬೈರಣ್ಣ.”

“ಔದಾ?” ಬೈರಣ್ಣ ತಲೆ ಕೆರೆದುಕೊಂಡ. “ಔದೌದು. ಇರ್ಲಿಲ್ಲ. ಆದ್ರೂ ಅವ್ರ ಕಾಲದಿಂದ್ಲೇ ಬಂದಂಗೈತಪ್ಪಾ.”

ಎಲ್ಲರೂ ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಒಬ್ಬನಿಗೆ ಆರೂ ಐವತ್ತರ ಬಸ್ಸಿಗೆ ಸೇವಂತಿಗೆ ಹೂವು ಹಾಕಬೇಕಂತೆ, ದಿನಾ ಓಡಿ ಓಡಿ ಮಂಡಿ ಹೋಗಿದೆಯಂತೆ. ಇನ್ನೊಬ್ಬಳ ಸೊಸೆ ಬಾಣಂತಿ, ಮನೆಯಲ್ಲಿ ಕಾಸಿದ ನೀರು ಆರಿಹೋಗುತ್ತದಂತೆ. ಎಂಟು ವರ್ಷ ಭುಜಕ್ಕೆ ಭುಜ ತಾಗಿಸಿ ನಿಂತವರು. ಅವನಿಗೆ ಮಂಡಿ ನೋವೆಂದು ಇವಳಿಗೆ ಗೊತ್ತಿಲ್ಲ, ಇವಳ ಮನೆಯಲ್ಲಿ ಕೂಸು ಹುಟ್ಟಿದ್ದು ಅವನಿಗೆ ಗೊತ್ತಿಲ್ಲ.

“ನರಸಮ್ಮ, ನೀ ಹೋಗು. ನಿನ್ನ ಕ್ಯಾನು ನಾನು ಹಾಕ್ತೀನಿ,” ಅಂದ ಬೈರಣ್ಣ.

“ಇವತ್ತು ಹಾಕ್ತೀಯ. ನಾಳೆ ನಿಂಗೆ ಜ್ವರ ಬಂದ್ರೆ? ಡಿಗ್ರಿ ಕಮ್ಮಿ ಬಂದ್ರೆ ನಿನ್ನ ಮೇಲೆ ನಂಗೆ ಅನುಮಾನ, ನನ್ನ ಮೇಲೆ ನಿಂಗೆ. ಉಪಕಾರ ಬೇಡ ಕಣಣ್ಣ. ನಾನು ನಾಲ್ಕು ಗಂಟೆಗೆದ್ದು ಬಂದು ಇಟ್ಟಿರೋ ಜಾಗ ಅದು. ಆ ಜಾಗ ಕೊಡಿ ಸಾಕು.”

“ಹಂಗಾರೆ ಅವಸರ ಇರೋರೆಲ್ಲ ಮುಂದೆ ಹೋಗ್ಲಿ, ಮುಗೀತಲ್ಲ,” ಅಂದ ಹೂವಿನವನು. ಸುತ್ತಲಿದ್ದವರು ಹೂಂ ಹೂಂ ಎಂದರು.

“ನಾನು ಒಪ್ಪಲ್ಲ.”

ಗೋಡೆಯ ಪಕ್ಕದಿಂದ ಬಂದ ದನಿ ಮುನಿಲಕ್ಷ್ಮಮ್ಮನದು. ಎಪ್ಪತ್ತು ದಾಟಿದ ಮುದುಕಿ. ಡೇರಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಹೆಬ್ಬೆಟ್ಟು ಒತ್ತಿ ಹೋಗುವಾಗ ಕೆಮ್ಮಿದರೂ ಸೆರಗು ಅಡ್ಡ ಹಿಡಿಯುವವಳು.

“ನಂಗೆ ಬಸ್ಸಿಲ್ಲ, ವ್ಯಾನಿಲ್ಲ, ಬಾಣಂತಿ ಇಲ್ಲ. ಅವಸರದೋರೆಲ್ಲ ಮುಂದೆ ಅಂದ್ರೆ ನಾನು ಸಾಯೋಗಂಟ ಕೊನೇಲಿ ನಿಂತ್ಕೋಬೇಕಾ? ದೊಡ್ಡೋರಿಗಾಗಿ ಕಾಯ್ತಿದ್ದೆ, ಇನ್ಮೇಲೆ ನಿಮ್ಮೆಲ್ಲರಿಗಾಗಿ ಕಾಯ್ಬೇಕು. ನಂಗೇನಮ್ಮ ಲಾಭ?”

ಈ ಮಾತಿಗೆ ಉತ್ತರ ಕೊಡದೆ ದಾಟಿಹೋಗಬಹುದಿತ್ತು. ಹೊತ್ತು ಬೇರೆ ಆರೂ ಇಪ್ಪತ್ತೈದಾಗಿತ್ತು. ನರಸಮ್ಮ ಒಮ್ಮೆ ರಸ್ತೆಯ ಕಡೆ ನೋಡಿದಳು. ಆಮೇಲೆ ಮುದುಕಿಯ ಹತ್ತಿರ ಹೋಗಿ ನಿಂತಳು.

“ಹಂಗಾದ್ರೆ ಹೆಂಗ್ ಮಾಡೋಣ, ನೀನೇ ಹೇಳು ದೊಡ್ಡಮ್ಮ.”

“ಮುಚ್ಚಳ ಇಟ್ಟೋರು ಇಟ್ಟಂಗೇ ಇರ್ಲಿ. ಯಾರ ಮುಚ್ಚಳಾನೂ ಯಾರೂ ಸರ್ಸೋದು ಬೇಡ. ಆದ್ರೆ ಮುಂದಿರೋನು ಬರ್ಲಿಲ್ಲ ಅಂದ್ರೆ ಹಿಂದಿರೋರು ಯಾಕೆ ನಿಂತ್ಕೋಬೇಕು? ಬಂದಾಗ ಬರ್ಲಿ, ಬಂದಾಗ ಹಾಕ್ಲಿ. ಅಷ್ಟೇಯ. ಇನ್ನೊಂದು, ಇಲ್ಲೊಂದು ಬೆಂಚು ಹಾಕ್ಸಿ. ಮಂಡಿ ಅವ್ನದೊಬ್ಬಂದೇ ಹೋಗಿಲ್ಲ.”

ಬೈರಣ್ಣ ಎದ್ದು ನಿಂತ. “ಎಂಟೊರ್ಷ ಬಾಯಿ ಮುಚ್ಕೊಂಡಿದ್ದು ಇದನ್ನ ಹೇಳಕ್ಕೇನಮ್ಮೋ?”

“ಯಾರ್ಲಾ ಕೇಳಿದ್ರು ನನ್ನ?”

ಅದಕ್ಕೂ ಒಂದಷ್ಟು ಮಾತಾಯಿತು. ಕೆಂಪು ಮುಚ್ಚಳವನ್ನು ಬಿಟ್ಟು ಮುಂದೆ ಹೋಗುವುದು ಬೇಡ, ಅವರಿಗೆ ಬೇಜಾರಾದೀತು ಎಂದು ಇಬ್ಬರು ಅಂದರು. ಬೇಜಾರಾದರೆ ಕಾಫಿ ಕೊಡೋಣ ಎಂದ ಬೈರಣ್ಣ. ಕೊನೆಗೆ ಮುದುಕಿಯ ಮಾತಿಗೆ ಒಪ್ಪುವವರು ಕೈ ಎತ್ತಿ ಎಂದು ನಾನು ಗುಡುಗಿದೆ. ಆ ಗುಡುಗಿಗೆ ದೇವನಹಳ್ಳಿಯಲ್ಲಿ ಇಳಿಯಬೇಕಿದ್ದ ಒಂದು ವಿಮಾನ ಹೆದರಿ ಮತ್ತೊಂದು ಸುತ್ತು ಹಾಕಿತು. ಎಲ್ಲರೂ ಕೈ ಎತ್ತಿದರು. ಬೇಡ ಎಂದ ಇಬ್ಬರೂ, ಒಬ್ಬ ಪೂರ್ತಿ, ಒಬ್ಬ ಅರ್ಧ, ಎತ್ತಿದರು.

ಸರಿಯಾಗಿ ಆಗಲೇ ಅಪ್ಪಯ್ಯಣ್ಣನವರ ಮೊಪೆಡ್ಡಿನ ಸದ್ದು ಕೇಳಿಸಿತು.

ಎತ್ತಿದ ಕೈಗಳು ಇಳಿದವು. ಕೆಲವರು ಅದೇ ಕೈಯಿಂದ ತಲೆ ಕೆರೆದುಕೊಂಡರು. ಅಪ್ಪಯ್ಯಣ್ಣನವರು ಮೊಪೆಡ್ ನಿಲ್ಲಿಸಿ, ಪಂಚೆ ಸರಿಮಾಡಿಕೊಂಡು, ಕ್ಯಾನು ಇಳಿಸಿಕೊಂಡು ಬಂದರು. ಜನ ಎಂದಿನಂತೆ ಎರಡು ಭಾಗವಾಗಿ ದಾರಿ ಬಿಟ್ಟರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹಾಲಿನ ಮುಖ ನೋಡಿದೆ.

“ಏನ್ ಸೆಕ್ರೆಟ್ರಿಗಳೇ, ಇನ್ನೂ ಶುರು ಮಾಡಿಲ್ವಾ? ದಿನಾ ನಾನ್ ಬರೋ ಹೊತ್ಗೇ ಶುರು ಮಾಡ್ತೀರಲ್ಲ, ಏನ್ ಲೆಕ್ಕ ನಿಮ್ದು?”

ನರಸಮ್ಮ ಮುಂದೆ ಬಂದಳು.

“ತಪ್ಪು ತಿಳ್ಕೋಬೇಡಿ ಯಜಮಾನ್ರೆ. ನಿಮ್ಮ ಮುಚ್ಚಳ ಮೊದ್ಲಿರುತ್ತೆ ಅಂತ ದಿನಾ ನೀವು ಬರೋಗಂಟ ಕಾಯ್ತಿದ್ವಿ. ಇನ್ಮೇಲೆ ಬಂದೋರು ಹಾಕ್ಬಿಟ್ಟು ಹೋಗೋದು ಅಂತ ಈಗ ಎಲ್ಲ ಸೇರಿ ಮಾತಾಡ್ಕೊಂಡ್ವಿ. ನಂಗೆ ಆರೂ ನಲ್ವತ್ಕೆ ವ್ಯಾನೈತೆ.”

ಅಪ್ಪಯ್ಯಣ್ಣನವರು ಹುಬ್ಬು ಗಂಟಿಕ್ಕಿದರು.

“ನನ್ನ ಮುಚ್ಚಳಾನಾ? ಯಾವ ಮುಚ್ಚಳ?”

“ಅದೇ. ಕೆಂಪು ‘ಅ’ ಬರ್ದಿರೋದು.”

“ನನ್ನ ಮುಚ್ಚಳ ಇಲ್ಲೈತಲ್ಲಮ್ಮ,” ಎಂದು ಅವರು ತಮ್ಮ ಕ್ಯಾನಿನ ತಲೆಯ ಮೇಲೆ ಟಪ್ ಎಂದು ತಟ್ಟಿದರು.

ತಟ್ಟಿದ್ದು ಮುಚ್ಚಳದ ಮೇಲೆ. ಅವರ ಕ್ಯಾನು ಮುಚ್ಚಳ ಹಾಕಿಕೊಂಡೇ ಬಂದಿತ್ತು. ದಿನಾ ಹಾಗೇ ಬರುತ್ತಿತ್ತು. ಊರಲ್ಲೆಲ್ಲ ಅವರ ಕ್ಯಾನು ಮಾತ್ರ ತಟ್ಟೆಯೂ ಇಲ್ಲದೆ, ಎಲೆಯೂ ಇಲ್ಲದೆ, ಮುಚ್ಚಳದ ಸಮೇತ ಬರುತ್ತಿತ್ತು. ಅದರ ಮುಚ್ಚಳ ಜಗಲಿಯ ಮೇಲೂ ಇರುತ್ತಿತ್ತು. ಎಂಟು ವರ್ಷ ಮೂವತ್ತು ಜನ ಎರಡನ್ನೂ ನೋಡಿದ್ದರು. ದೊಡ್ಡವರ ಕ್ಯಾನಿಗೆ ಎರಡು ಮುಚ್ಚಳ ಇರಬಹುದು ಅಂದುಕೊಂಡಿದ್ದರೋ ಏನೋ.

“ನೀವೆಲ್ಲ ಮರ್ಯಾದೆಗೆ ದಾರಿ ಬಿಡ್ತೀರಿ ಅಂದ್ಕೊಂಡಿದ್ನಲ್ರಪ್ಪಾ,” ಅಂದರು ಅಪ್ಪಯ್ಯಣ್ಣನವರು. ಅವರ ಮುಖ ಚಿಕ್ಕದಾಗಿತ್ತು. “ನಾನ್ಯಾವತ್ತೂ ಮುಚ್ಚಳ ಇಡಕ್ಕೆ ಬಂದೋನೇ ಅಲ್ಲ. ಅದು ನನ್ನ ಹಳೇ ಕ್ಯಾನಿಂದು. ಹೊಸ ಕ್ಯಾನ್ ತಗೊಂಡಾಗ ಇಲ್ಲೇ ಎಲ್ಲೋ ಕಳ್ದೋಯ್ತು. ಯಾರು ಇಡ್ತಿದ್ರು ಇದನ್ನ?”

ಈಗ ಮತ್ತೆ ಎಲ್ಲರೂ ನನ್ನ ಮುಖ ನೋಡಿದರು. ಈ ಸಲ ಹಾಲು ನೋಡಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಹಗಲೆಲ್ಲ ಆ ಮುಚ್ಚಳ ಇರುತ್ತಿದ್ದದ್ದು ಡೇರಿಯ ಒಳಗೆ, ಡೇರಿಯ ಬೀಗದ ಕೈ ಇರುವುದು ಒಬ್ಬನ ಹತ್ತಿರವೇ.

“ಲೇ ಸಿದ್ದ,” ಅಂದ ಬೈರಣ್ಣ, ನಿಧಾನವಾಗಿ.

ದೂರದಲ್ಲಿ ವ್ಯಾನಿನ ಮೊದಲ ಹಾರನ್ ಕೇಳಿಸಿತು. ನರಸಮ್ಮ ಕ್ಯಾನನ್ನು ನನ್ನ ಮುಂದೆ ತಳ್ಳಿದಳು.

“ಮೊದ್ಲು ನನ್ನ ಹಾಲು ಅಳೀರಿ. ನಿಜ ಸಂಜೆ ಹೇಳೋರಂತೆ.”

ನನ್ನ ಕೈ ಅಷ್ಟು ಬೇಗ ಯಾವತ್ತೂ ಓಡಿರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಡಿಗ್ರಿ ನೋಡಿದೆ, ತೂಕ ಮಾಡಿದೆ, ಚೀಟಿ ಹರಿದು ಕೊಟ್ಟೆ. ಖಾಲಿ ಕ್ಯಾನನ್ನು ಮುನಿಲಕ್ಷ್ಮಮ್ಮನ ಪಕ್ಕದಲ್ಲಿ ಇಟ್ಟವಳೇ ನರಸಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿದಳು. ಎರಡನೆಯ ಹಾರನ್ ಆಯಿತು. ಅಪ್ಪಯ್ಯಣ್ಣನವರು ರಸ್ತೆಗೆ ಇಳಿದು, ಹಣೆಯ ಮೇಲೆ ಕೈ ಅಡ್ಡ ಹಿಡಿದು ನೋಡಿದರು.

“ಹತ್ಕೊಂಡ್ಲು,” ಅಂದರು. ಆಮೇಲೆ ತಮ್ಮ ಕ್ಯಾನು ಎತ್ತಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತುಕೊಂಡರು. ಹೂವಿನವನು ಅವರಿಗೆ ಮಂಡಿ ನೋವಿನ ಎಣ್ಣೆಯ ವಿಷಯ ಹೇಳುತ್ತಿದ್ದದ್ದು ಒಳಗೆ ನನಗೂ ಕೇಳುತ್ತಿತ್ತು.

ಬೆಳಗಿನವರು ಸಂಜೆಯವರೆಗೆ ಕಾಯಲಿಲ್ಲ. ಅಲ್ಲೇ ಕೇಳಿದರು. ನಾನೂ ಹೇಳಿದೆ, ಅರ್ಧ. ಕಳೆದುಹೋದ ಮುಚ್ಚಳ ನನಗೆ ಸಿಕ್ಕಿತು, ದೊಡ್ಡವರದಲ್ಲವೇ ಎಂದು ಮರ್ಯಾದೆಗೆ ಮೊದಲಿಟ್ಟೆ. ಹಾಗೆ ಇಟ್ಟ ಮಾರನೆಯ ದಿನ ಅಪ್ಪಯ್ಯಣ್ಣನವರು ನನ್ನನ್ನು ‘ಸೆಕ್ರೆಟ್ರಿಗಳೇ’ ಎಂದರು. ಊರೆಲ್ಲ ‘ಲೇ ಸಿದ್ದ’ ಎನ್ನುವಾಗ ಒಬ್ಬರ ಬಾಯಲ್ಲಾದರೂ ಆ ‘ಗಳೇ’ ಕೇಳುವುದು ಹಿತವಾಗಿತ್ತು. ಹಾಗಾಗಿ ಮುಂದುವರಿಸಿದೆ. ಜನ ನಂಬಿದರು. ಬೈರಣ್ಣ ಮಾತ್ರ ಹೋಗುವಾಗ, “ಇನ್ಮೇಲೆ ನಿನ್ನ ಸಿದ್ದಪ್ಪನೋರೆ ಅಂತೀನಿ ಬಿಡ್ಲಾ,” ಅಂದ.

ಸಂಜೆ ಐದೂ ಮುಕ್ಕಾಲಿಗೆ ನರಸಮ್ಮ ಬಂದಳು. ಗೋಡೌನಿನ ಗುರುತಿನ ಚೀಟಿ ಇನ್ನೂ ಕೊರಳಲ್ಲೇ ಇತ್ತು. ಹಾಲು ಹಾಕಿದಳು, ಚೀಟಿ ತೆಗೆದುಕೊಂಡಳು, ಹೋಗಲಿಲ್ಲ. ಬೆಳಿಗ್ಗೆ ನಾನು ಹೇಳಿದ್ದನ್ನು ಯಾರೋ ಅವಳಿಗೆ ಮುಟ್ಟಿಸಿದ್ದರು.

“ಮರ್ಯಾದೆಗೆ ಇಟ್ರಂತೆ.”

“ಹೂಂ.”

“ಎಂಟೊರ್ಷ ದಿನಾ ಬೆಳಿಗ್ಗೆ ನಾಲ್ಕು ಗಂಟೆಗೆ ಮುಂಚೆ ಎದ್ದು ಬಂದು ಇಡ್ತಿದ್ರಾ? ನೀವು?”

ನಾನು ಬಾಯಿ ತೆರೆದೆ. ನಾಲ್ಕಕ್ಕೆ ಏನು, ಮೂರಕ್ಕೇ ಏಳುತ್ತಿದ್ದೆ, ಕೋಳಿಗಳನ್ನು ನಾನೇ ಎಬ್ಬಿಸುತ್ತಿದ್ದೆ ಎಂಬ ಮಾತು ತುದಿನಾಲಿಗೆಯವರೆಗೆ ಬಂದಿತ್ತು. ಅವಳು ನೋಡುತ್ತ ನಿಂತಿದ್ದಳು. ನಗುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಇಡೀ ದಿನ ನಿಂತು ಪ್ಯಾಕ್ ಮಾಡಿದ ಕಾಲುಗಳು ಸುಸ್ತಾಗಿದ್ದವು ಅಷ್ಟೇ.

ಇಲ್ಲಿಯವರೆಗೆ ಬಂದ ಮೇಲೆ ನಿಮಗೂ ಹೇಳಿಬಿಡುತ್ತೇನೆ. ಕೈ ಎತ್ತಿ ಎಂದು ಗುಡುಗಿದ್ದು ನಾನಲ್ಲ, ಬೈರಣ್ಣ. ವಿಮಾನ ಎಂದಿನಂತೆ ಇಳಿಯಿತು. ಎಲ್ಲರೂ ಕೈ ಎತ್ತಿದರು ಎಂದೆನಲ್ಲ, ಆ ಎಲ್ಲರಲ್ಲಿ ನಾನಿರಲಿಲ್ಲ. ನನ್ನ ಎರಡೂ ಕೈ ಮೇಜಿನ ಕೆಳಗಿದ್ದವು.

“ಬೆಳಿಗ್ಗೆ ಇಡ್ತಿರ್ಲಿಲ್ಲಮ್ಮ,” ಅಂದೆ. “ಸಂಜೆ ಬಾಗಿಲು ಹಾಕುವಾಗ್ಲೇ ಇಟ್ಟು ಹೋಗ್ತಿದ್ದೆ. ಡೇರಿ ತೆಗೀಬೇಕಾಗಿರೋದು ಆರಕ್ಕೆ. ಅಪ್ಪಯ್ಯಣ್ಣಾರು ಬರೋದು ಆರೂವರೆಗೆ. ಅವ್ರ ಮುಚ್ಚಳ ಮೊದ್ಲಿದ್ರೆ ನಾನೂ ಆರೂವರೆಗೆ ಬಂದ್ರೆ ನಡೀತಿತ್ತು. ಯಾರೂ ನನ್ನ ಬೈತಿರ್ಲಿಲ್ಲ. ಮನಸ್ಸಲ್ಲಿ ಬೈದ್ರೂ ಅವ್ರನ್ನ ಬೈತಿದ್ರು.”

“ನಿದ್ದೆಗಾ?”

“ನಿದ್ದೆಗೇ.”

ಅವಳು ಕೈಯಲ್ಲಿದ್ದ ಹಾಲಿನ ಚೀಟಿಯನ್ನು ಎರಡು ಮಡಿಕೆ ಮಡಚಿದಳು.

“ಗೋಡೌನಿಗೆ ಸೇರಿದ ವಾರಾನೇ ನಿಮ್ಮತ್ರ ಬಂದು ವ್ಯಾನಿನ ವಿಷ್ಯ ಹೇಳಿದ್ದೆ. ನೋಡೋಣ ಅಂದಿದ್ರಿ. ಮರ್ತೋಗಿತ್ತಾ ಅಣ್ಣ?”

ಮರೆತಿದ್ದೆ ಎಂದಿದ್ದರೆ ಅವಳು ನಂಬುತ್ತಿದ್ದಳು. ಅವಳೇ ದಾರಿ ಮಾಡಿಕೊಟ್ಟಿದ್ದಳು.

“ಇಲ್ಲಮ್ಮ,” ಅಂದೆ. “ಮರ್ತಿರ್ಲಿಲ್ಲ. ದಿನಾ ಸಂಜೆ ಆ ಮುಚ್ಚಳ ಇಡುವಾಗ ನಿನ್ನ ವ್ಯಾನು ನೆನಪಿಗೆ ಬರ್ತಿತ್ತು. ನೆನಪಾದ್ಮೇಲೂ ಇಟ್ಟೇ ಹೋಗ್ತಿದ್ದೆ.”